ಮಿಂಚೊ ಚಿಲುಮೆಗೆ ಯಾವ ಬಣ್ಣ

ಏಪ್ರಿಲ್ 14, ಸೋಮವಾರ

ಕೆಲಸ ಸಿಕ್ಕಿತು. ಕುಣಿದಾಡುವಂಥದ್ದೇನಲ್ಲ. ನಮ್ಮೂರಿನ ಕುಡಿಯುವ ನೀರಿನ ಕಲ್ಲು ಚಿಲುಮೆಗಳನ್ನೆಲ್ಲ ಒಂದು ನಕ್ಷೆಗೆ ಏರಿಸಬೇಕು. ಮೊಬೈಲಿನಲ್ಲಿ ಚುಕ್ಕೆಯ ಮೇಲೆ ಬೆರಳಿಟ್ಟರೆ ಚಿಲುಮೆಯ ಹೆಸರು, ಯಾರ ನೆನಪಿಗೆ ಕಟ್ಟಿಸಿದ್ದು, ನೀರು ಹೇಗಿದೆ ಎಲ್ಲ ಕಾಣಬೇಕು. ಮೇ 24ರ ಅಕ್ಷರಹಬ್ಬಕ್ಕೆ ವಾಚನಮಂದಿರದ ದೊಡ್ಡ ಪರದೆಯ ಮೇಲೆ ಉದ್ಘಾಟನೆ.

"ಸೋಫಿಯಾದಂಥ ರಾಜಧಾನಿಯಲ್ಲಿ ನಕ್ಷೆ ಮಾಡಿದವಳು ನೀನು. ನಮ್ಮೂರಿಂದು ನಿಂಗೆ ನೀರು ಕುಡಿದಷ್ಟು ಸುಲಭ" ಅಂದರು ಮೇಯರ್ ಬೊಗೊಮಿಲ್, ಭುಜ ತಟ್ಟುತ್ತಾ. ಸೋಫಿಯಾದ ಕಂಪನಿ ಚಳಿಗಾಲದಲ್ಲೇ ಬಾಗಿಲು ಹಾಕಿತು ಅನ್ನುವುದು ಅವರಿಗೂ ಗೊತ್ತು, ನನಗೂ ಗೊತ್ತು.

ಕೆಲಸಕ್ಕೆ ಕೊಟ್ಟಿರುವುದು ವಾಚನಮಂದಿರದ ಕೆಳಗಿನ ಕೋಣೆ. ಮೇಲಿನ ಸಭಾಂಗಣದಲ್ಲಿ ಹೆಂಗಸರ ಹಾಡಿನ ಮೇಳ ತಾಲೀಮು ನಡೆಸುತ್ತದೆ. ಅವರು ಕಾಲು ತಟ್ಟಿದರೆ ನನ್ನ ಕಾಫಿ ಅಲುಗುತ್ತದೆ. ಮೇಳದ ದಪ್ಪ ದನಿ ನನ್ನಮ್ಮ ದೋಂಕಾಳದ್ದು. ಮನೆಯಲ್ಲಿ ಕೇಳುವುದು ಸಾಲದು ಅಂತ ಇಲ್ಲೂ.

ಬೇಸಿಗೆಗೆ ಕೆಲಸ ಮುಗಿಸಿ ಹೊರಟುಬಿಡುವುದು. ಅಪ್ಪ ತೀರಿಹೋದದ್ದು ಹೋದ ಶರತ್ಕಾಲದಲ್ಲಿ. ಅದನ್ನು ಬರೆಯುವುದಕ್ಕೆ ಈ ಪುಸ್ತಕ ತೆರೆದಿಲ್ಲ.

ಏಪ್ರಿಲ್ 17, ಗುರುವಾರ

ನಾಚಿಕೆಯಾಗಬೇಕು ನನಗೆ. ಚಿಲುಮೆಗಳ ಪಟ್ಟಿಯನ್ನು ನಕ್ಷೆಗೆ ತಿನ್ನಿಸಿದೆ, ಒಂದೂ ಕಾಣಲಿಲ್ಲ. ಹುಡುಕಿದೆ, ಹುಡುಕಿದೆ. ಕೊನೆಗೆ ಅಷ್ಟೂ ಸಿಕ್ಕಿದ್ದು ಅರೇಬಿಯಾದ ಮರಳುಗಾಡಿನ ನಟ್ಟನಡುವೆ. ಅಕ್ಷಾಂಶ, ರೇಖಾಂಶ ಹಿಂದುಮುಂದಾಗಿತ್ತು. ಮೊದಲ ವಾರ ಕೆಲಸಕ್ಕೆ ಸೇರಿದ ಮಕ್ಕಳು ಮಾಡುವ ತಪ್ಪು.

ಸರಿಪಡಿಸುವಷ್ಟರಲ್ಲಿ ಮೇಯರ್ ಹಿಂದೆ ಬಂದು ನಿಂತಿದ್ದರು. ಬೈಯುತ್ತಾರೆ ಅಂದುಕೊಂಡೆ. ಅವರಿಗೋ ಖುಷಿಯೋ ಖುಷಿ. "ಇರ್ಲಿ ಬಿಡು ರಾಲಿ, ಪಾಪ ಅಲ್ಲಿಯವರಿಗೂ ನೀರು ಬೇಕಲ್ಲ!" ಸಂಜೆಯೊಳಗೆ ಊರೆಲ್ಲ ಸುದ್ದಿ. ಮೇಳದ ಹೆಂಗಸರು ನನ್ನನ್ನು ಕಂಡರೆ ಒಂಟೆಯ ಹಾಗೆ ಕತ್ತು ಉದ್ದ ಮಾಡುತ್ತಾರೆ. ಅಮ್ಮನೂ.

ಏಪ್ರಿಲ್ 29, ಮಂಗಳವಾರ

ಎಷ್ಟೋ ದಿನದಿಂದ ಬರೆದಿಲ್ಲ. ಬೆಟ್ಟ ಹತ್ತಿ ಇಳಿದು ಮೀನಖಂಡ ಕಲ್ಲಾಗಿದೆ. ಒಂದೊಂದು ಚಿಲುಮೆಯ ಮುಂದೆಯೂ ನಿಂತು, ಎಲ್ಲಿದೆ ಅಂತ ಗುರುತು ಹಾಕಿ, ಬಾಟಲಿಗೆ ನೀರು ಹಿಡಿದು ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಬೇಕು. ಪ್ರತಿಯೊಂದರ ಪಕ್ಕದಲ್ಲೂ ಒಂದು ಬೆಂಚು, ಬೆಂಚಿನ ಮೇಲೆ ಒಬ್ಬ ಮುದುಕ, ಮುದುಕನ ಕೈಯಲ್ಲಿ ರಾಕಿ ಸಾರಾಯಿಯ ಸೀಸೆ. ಬೇಡ ಅಂದರೆ ಮುನಿಸು, ಕುಡಿದರೆ ಮುಂದಿನ ಚಿಲುಮೆಯ ದಾರಿ ತಪ್ಪುತ್ತದೆ.

ಇವತ್ತು ನಕ್ಷೆ ತೋರಿಸಿದ್ದಕ್ಕೆ ಮೇಲ್ಕೇರಿಯವರ ಜಗಳ. ನಕ್ಷೆಯನ್ನು ದೂರದಿಂದ ನೋಡಿದರೆ ಹತ್ತಿರವಿರುವ ಚುಕ್ಕೆಗಳೆಲ್ಲ ಸೇರಿ ಒಂದೇ ದೊಡ್ಡ ಗುಂಡು ಆಗುತ್ತವೆ, ಹಾಗೆ ಬರೆದಿದ್ದೇನೆ. ಮೇಲ್ಕೇರಿಯ ಚಿಲುಮೆ ಕೆಳಕೇರಿಯ ಗುಂಡಿನೊಳಗೆ ಹೋಗಿಬಿಟ್ಟಿದೆ. ಆ ಚಿಲುಮೆ ಯಾರ ನೆನಪಿನದೋ ಅವರ ಮೊಮ್ಮಗ ಎಗರಿಬಿದ್ದ.

"ನಮ್ಮಜ್ಜ ಅವರ ಮನೆ ಹೊಸಿಲು ತುಳಿದೋನಲ್ಲ. ಈಗ ನೀನು ಅವನನ್ನ ಅವರ ಗುಂಡಿನೊಳಗೆ ತುರುಕ್ತೀಯಾ?"

ಎರಡೂ ಕೇರಿಗೆ ಬೇರೆ ಬೇರೆ ಗುಂಡು ಬರುವ ಹಾಗೆ ಕೋಡ್ ತಿದ್ದಿದೆ. ಜಗತ್ತಿನ ಬೇರೆ ಯಾವ ನಕ್ಷೆಗಾರನೂ ಇಂಥ ಸಾಲು ಬರೆದಿರಲಾರ.

ರಾತ್ರಿ ಊಟದ ಹೊತ್ತಿಗೆ ಅಮ್ಮ, "ನಿಮ್ಮಪ್ಪಂದು ಅಳೆದ್ಯಾ?" ಅಂದಳು. ಜಾಗವನ್ನು ಉಪಗ್ರಹದ ಚಿತ್ರದಿಂದಲೇ ತೆಗೆದುಕೊಂಡೆ, ನೀರನ್ನು ಅಂಚೆಯವನು ತಂದುಕೊಟ್ಟ, ಅಂದೆ. "ಹೂಂ" ಅಂದಳು. ಅಪ್ಪನ ಚಿಲುಮೆ ಇರುವ ಬೆಟ್ಟದ ತಿರುವಿಗೆ ಹೋಗಿ ಬರಲು ಅರ್ಧ ದಿನ ಬೇಕು, ನನಗೆ ಪುರುಸೊತ್ತಿಲ್ಲ.

ಅಪ್ಪ ಬಸ್ಸಿನ ಚಾಲಕ. ಆ ತಿರುವಿನಲ್ಲೇ ಪ್ರತಿಸಲ ಬಸ್ಸಿನ ರೇಡಿಯೇಟರು ಕುದಿಯುತ್ತಿತ್ತು. ರೋಸಿಹೋಗಿ ಎರಡು ಬೇಸಿಗೆ ತಾನೇ ಕಲ್ಲು ಹೊತ್ತು ಅಲ್ಲೊಂದು ಚಿಲುಮೆ ಕಟ್ಟಿದ. ಮೊದಲು ಬಸ್ಸಿಗೆ, ಆಮೇಲೆ ಜನಕ್ಕೆ. ಈಗ ಊರಿನವರೆಲ್ಲ ಅದನ್ನು ಅಪ್ಪನ ಹೆಸರಲ್ಲೇ ಮಿಂಚೊ ಚಿಲುಮೆ ಅನ್ನುತ್ತಾರೆ. ಅಮ್ಮ ವಾರಕ್ಕೆರಡು ಸಲ ಬಸ್ಸು ಹತ್ತಿ ಹೋಗಿ ಅಲ್ಲಿನ ನೀರನ್ನೇ ತರುತ್ತಾಳೆ. ಮನೆಯ ನಲ್ಲಿ ಪಾತ್ರೆ ತೊಳೆಯಲಿಕ್ಕೆ ಮಾತ್ರ.

ಮೇ 7, ಬುಧವಾರ

ನೀರಿನ ಅಳತೆ ಬಂತು. ನೈಟ್ರೇಟು ಲೀಟರಿಗೆ ಐವತ್ತು ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಕೋಡಿನಲ್ಲಿ ಅದೊಂದೇ ಸಾಲು: ಐವತ್ತರ ಮೇಲೆ ಕೆಂಪು, ಕೆಳಗೆ ಹಸಿರು. ಹಚ್ಚಿದೆ. ಊರಿಗೆ ಊರೇ ಕೆಂಪಾಯಿತು, ದಡಾರ ಎದ್ದ ಮಗುವಿನ ಹಾಗೆ.

ಇನ್ನೊಮ್ಮೆ ನೋಡೋಣ ಅಂದುಕೊಂಡೆ. ಅಷ್ಟರಲ್ಲಿ ನಮ್ಮ ಮೇಯರ್ ಮಹಾಶಯರು ನಕ್ಷೆಯ ಕೊಂಡಿಯನ್ನು ಊರಿನ ಮೊಬೈಲ್ ಗುಂಪಿಗೆ ಹಾಕಿಬಿಟ್ಟಿದ್ದರು, ಜೊತೆಗೆ ಮೂರು ಗುಲಾಬಿಯ ಚಿತ್ರ.

ಮೊದಲು ಬಂದವರು ತ್ಸೋನಾ ಅಜ್ಜಿ, ಊರುಗೋಲಿನಿಂದ ಬಾಗಿಲು ತಳ್ಳಿಕೊಂಡು. ಚುಕ್ಕೆ ಮುಟ್ಟಿದರೆ ಹೆಸರು, ಅದರ ಪಕ್ಕ ಒಂದು ಗೀಟು, ಗೀಟಿನ ಪಕ್ಕ ನೀರಿನ ಸ್ಥಿತಿ, ಹಾಗೆ ಜೋಡಿಸಿದ್ದೆ. ಅಂದವಾಗಿತ್ತು. ಆದರೆ ನಮ್ಮಲ್ಲಿ ಚಿಲುಮೆಗೆ ಸತ್ತವರ ಹೆಸರಿಡುವುದಲ್ಲವೇ! ಮೊಬೈಲನ್ನು ಮೂಗಿಗೆ ಹಿಡಿದರು ಅಜ್ಜಿ. "ಪೆತ್ಕೊ ತಾತ – ಕುಡಿಯಲು ಯೋಗ್ಯವಲ್ಲ" ಅಂತಿತ್ತು.

"ನಮ್ಮ ಯಜಮಾನ್ರು ಕುಡೀತಿದ್ರು, ನಾನೇನು ಇಲ್ಲ ಅಂದ್ನಾ? ಅದನ್ನ ಈಗ ಊರಿಗೆಲ್ಲ ಡಂಗುರ ಹೊಡೀಬೇಕಾ? ಮಣ್ಣೊಳಗಿರೋರನ್ನಾದ್ರೂ ಬಿಟ್ಬಿಡೇ!"

ಮಧ್ಯಾಹ್ನದ ಹೊತ್ತಿಗೆ ಕೋಣೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಬಾಯಲ್ಲೂ ಅವರವರ ಅಜ್ಜ, ಅವರವರ ಮಾವ. ನಾನೂ ಹಟಕ್ಕೆ ಬಿದ್ದೆ. "ಕೋಡು ಯಾರ ಮುಖಾನೂ ನೋಡಲ್ಲ! ಐವತ್ತು ದಾಟಿದ್ರೆ ಕೆಂಪು, ಅದು ನಮ್ಮಪ್ಪಂದಾದ್ರೂ ಅಷ್ಟೇ!" ಅಂತ ಕಿರುಚಿದೆ. ಹಿಂದೆ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಸರಕ್ಕನೆ ತಿರುಗಿ ಮೇಲೆ ತಾಲೀಮಿಗೆ ಹೋದಳು. ಇವತ್ತಿನಷ್ಟು ಜೋರಾಗಿ ಆ ಮೇಳ ಯಾವತ್ತೂ ಕಾಲು ತಟ್ಟಿಲ್ಲ.

ಮೇ 8, ಗುರುವಾರ

ನಾನೊಂದು ಕತ್ತೆ.

ನಮ್ಮ ದೇಶದಲ್ಲಿ ದಶಮಾಂಶಕ್ಕೆ ಚುಕ್ಕೆ ಇಡುವುದಿಲ್ಲ, ಕಾಮಾ ಹಾಕುತ್ತೇವೆ. ಆರು ದಶಮಾಂಶ ನಾಲ್ಕು ಅಂದರೆ 6,4. ಹಳೆ ಕಂಪನಿಯಲ್ಲಿ ಇಂಗ್ಲಿಷ್ ಗಿರಾಕಿಗಳ ಲೆಕ್ಕದಲ್ಲಿ ಕಾಮಾ ಅಂದರೆ ಸಾವಿರ, ಅದನ್ನು ಕಿತ್ತೆಸೆಯುವ ಒಂದು ಸಾಲು ನನ್ನ ಹಳೆ ಕೋಡಿನಲ್ಲಿತ್ತು. ಅದನ್ನೇ ತಂದು ಇಲ್ಲಿ ಅಂಟಿಸಿದ್ದೆ. 6,4 ಹೋಗಿ 64 ಆಯಿತು. ಊರಿನ ಅತಿ ಸಿಹಿನೀರೆಲ್ಲ ವಿಷ.

ಹೆಸರಿನ ಪಕ್ಕದ ಗೀಟನ್ನೂ ತೆಗೆದು, ನೀರಿನ ಮಾತನ್ನು ಬೇರೆ ಸಾಲಿಗೆ ಇಳಿಸಿದೆ. ತ್ಸೋನಾ ಅಜ್ಜಿಯ ಮನೆಗೆ ಹೋಗಿ ಪೆತ್ಕೊ ತಾತನ ವಿಷಯಕ್ಕೆ ಕ್ಷಮೆ ಕೇಳಿದೆ. ಚೀಸು ತುಂಬಿ ಬೇಯಿಸಿದ ಬಾನಿತ್ಸಾ ಕೊಟ್ಟರು. ತಿನ್ನುವಷ್ಟೂ ಹೊತ್ತು ಬೈದರು.

ಮೇ 9, ಶುಕ್ರವಾರ

ನಕ್ಷೆ ಈಗ ಹಚ್ಚಹಸಿರು. ಊರವರು ಬೀದಿಯಲ್ಲಿ ನಗುತ್ತಿದ್ದಾರೆ. ಮೂರು ಮಾತ್ರ ಕೆಂಪಗೆ ಉಳಿದವು. ಎರಡು, ಯಾರೂ ಕೇಳುವವರಿಲ್ಲದ, ಕುರಿಗಳು ನೀರು ಕುಡಿಯುವ ಹಳೆ ತೊಟ್ಟಿಗಳು. ಇನ್ನೊಂದು ಮಿಂಚೊ ಚಿಲುಮೆ. 71.

ಕಾಮಾ ಇಲ್ಲ. ಕಡತವನ್ನು ಮತ್ತೆ ಮತ್ತೆ ತೆರೆದು ನೋಡಿದೆ. ಪ್ರಯೋಗಾಲಯಕ್ಕೆ ಫೋನ್ ಮಾಡಿ, ಏಳು ದಶಮಾಂಶ ಒಂದು ಇರಬಹುದೇನೋ, ಬರೆಯುವಾಗ ಕಾಮಾ ಬಿಟ್ಟುಹೋಯಿತೇನೋ ಅಂದೆ. "ಎಪ್ಪತ್ತೊಂದು ಕಣಮ್ಮಾ, ಎರಡು ಸಲ ಪರೀಕ್ಷೆ ಮಾಡಿದೀವಿ" ಅಂದಳು ಆ ಹೆಂಗಸು. ಅವಳ ದನಿಯೇ ನನಗೆ ಹಿಡಿಸಲಿಲ್ಲ.

ಮೇ 10, ಶನಿವಾರ

ಅಮ್ಮ: "ಊರಿನವರದೆಲ್ಲ ಕಾಮಾ ಬಿದ್ದುಹೋಗಿತ್ತು. ನಿಮ್ಮಪ್ಪಂದೂ ಬಿದ್ದಿರುತ್ತೆ. ಹುಡುಕು."

ನಾನು: "ಹುಡುಕ್ದೆ ಅಮ್ಮಾ. ಇಲ್ಲ."

ಅಮ್ಮ: "ಬೇರೆಯವರಿಗೆಲ್ಲ ಇದೆ, ನಿಮ್ಮಪ್ಪನಿಗೊಬ್ಬನಿಗೇ ಇಲ್ವಾ?"

ಊಟದ ತಟ್ಟೆಯನ್ನು ಕುಕ್ಕಿದಳು. ನನ್ನ ಲೋಟಕ್ಕೆ ನಲ್ಲಿ ನೀರು, ತನ್ನದಕ್ಕೆ ಅಪ್ಪನ ನೀರು. ನನ್ನ ಮುಖ ನೋಡಿಕೊಂಡೇ ಗಟಗಟ ಕುಡಿದಳು.

ಮೇ 13, ಮಂಗಳವಾರ

ಮೇಯರ್ ಬಂದು ಬಾಗಿಲು ಹಾಕಿಕೊಂಡರು. ಏನೋ ಗುಟ್ಟು ಅಂದುಕೊಂಡೆ.

"ನೋಡು ರಾಲಿ, ಮಿಂಚೊ ಅಂದ್ರೆ ನಂಗೆ ಅಣ್ಣನ ಸಮಾನ. ಹಬ್ಬದ ದಿನ ಅವನ ಹೆಸರು ಕೆಂಪಗೆ ಮಿನುಗಿದ್ರೆ ನಿಮ್ಮಮ್ಮ ತಡ್ಕೋತಾಳಾ? ಒಂದು ಕಾಮಾ. ಇಷ್ಟೇ ಇಷ್ಟು. ಯಾರಿಗೆ ಗೊತ್ತಾಗುತ್ತೆ? ಹಾಂ, ಆ ಕುರಿತೊಟ್ಟಿಗಳನ್ನೂ ತೆಗೆದುಹಾಕು. ಅವೇನು ಚೆಂದ?"

ಎಷ್ಟು ಒಳ್ಳೆಯ ಮನುಷ್ಯ, ಅಪ್ಪನ ಮೇಲೆ ಎಷ್ಟು ಪ್ರೀತಿ ಅನ್ನಿಸಿ ಕಣ್ಣು ತುಂಬಿತು. ಧೂಳು ಇರಬೇಕು. ಈ ಕೋಣೆಯನ್ನು ಯಾರೂ ಗುಡಿಸುವುದಿಲ್ಲ.

ಮೇ 15, ಗುರುವಾರ

ಬೆಳಗಿನಿಂದ ಬಣ್ಣ ಬದಲಾಯಿಸಿದ್ದೇ ಬದಲಾಯಿಸಿದ್ದು. ಕೆಂಪು ಬೇಡ, ಇಟ್ಟಿಗೆ ಬಣ್ಣ. ಇಟ್ಟಿಗೆ ಬೇಡ, ಜೇನು. ಜೇನಾದರೆ ಒಳ್ಳೆಯ ನೀರು ಅಂದುಕೊಳ್ಳುತ್ತಾರೆ. ಚುಕ್ಕೆಯನ್ನು ಅರ್ಧ ಪಾರದರ್ಶಕ ಮಾಡಿದೆ, ಅಪ್ಪ ಅರ್ಧ ಇದ್ದ ಹಾಗೆ ಕಂಡ. ಅದೂ ಬೇಡ.

ಕೊನೆಗೆ ಕಡತ ತೆರೆದು, ಏಳಕ್ಕೂ ಒಂದಕ್ಕೂ ನಡುವೆ ಕಾಮಾ ಹಾಕಿದೆ. ಹಾಕಿದೆ ಅಂತ ಬರೆದಿಡುತ್ತೇನೆ, ಇದನ್ನು ಓದುವವಳು ನಾನೊಬ್ಬಳೇ. ಹಸಿರಾಯಿತು. ಎಷ್ಟು ಚೆನ್ನಾಗಿ ಕಾಣುತ್ತಿತ್ತು! ಬೆಟ್ಟದ ತಿರುವಿನಲ್ಲಿ ಒಂಟಿಯಾಗಿ, ಹಸಿರಾಗಿ. ಅದನ್ನೇ ನೋಡುತ್ತಾ ಕೂತೆ.

ಆಗ ಕಿಟಕಿಯಿಂದ ಅಮ್ಮ ಕಂಡಳು. ಎರಡೂ ಕೈಯಲ್ಲಿ ದೊಡ್ಡ ಬಾಟಲಿ. ಹೊರಟಿದ್ದು ಚೌಕದಾಚೆಯ ಬಿಲ್ಯಾನಾ ಮನೆಗೆ. ಬಿಲ್ಯಾನಾಗೆ ಹೆರಿಗೆಯಾಗಿ ಇನ್ನೂ ತಿಂಗಳಾಗಿಲ್ಲ, ಎದೆಹಾಲು ಸಾಲದೆ ಪುಡಿಹಾಲು ಕಲಸುತ್ತಾಳೆ. ಅದಕ್ಕೆ ಮಿಂಚೊ ಮಾಮನ ನೀರು. ಅಮ್ಮನೇ ಒಯ್ದು ಕೊಡುವುದು, ಪುಣ್ಯ ಅಂತ.

ನೈಟ್ರೇಟು ದೊಡ್ಡವರಿಗಿಂತ ಹಸುಗೂಸಿಗೆ ಕೆಟ್ಟದ್ದು. ಮಗು ನೀಲಿಗಟ್ಟಿಬಿಡುತ್ತದೆ. ಐವತ್ತು ಅನ್ನುವ ಗೆರೆ ಎಳೆದಿರುವುದೇ ಅದಕ್ಕೆ. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಜೇನು ಬಣ್ಣ ನೋಡುತ್ತಾ ಕೂತಿದ್ದೆನಲ್ಲ, ಥೂ ನನ್ನ ಜನ್ಮಕ್ಕೆ.

ಕೋಣೆಯಲ್ಲಿ ಮೆಟ್ಟುವ ಚಪ್ಪಲಿಯಲ್ಲೇ ಓಡಿದೆ. ಚೌಕದ ನಡುವೆ ಅಮ್ಮನನ್ನು ಹಿಡಿದು, ಬಾಟಲಿ ಕಿತ್ತುಕೊಂಡು, ಎರಡನ್ನೂ ಬುಡಮೇಲು ಮಾಡಿ ರಸ್ತೆಗೆ ಸುರಿದೆ. ಕಾಫಿ ಅಂಗಡಿಯ ಮುಂದೆ ಕೂತಿದ್ದವರೆಲ್ಲ ಎದ್ದು ನಿಂತರು.

"ಅಯ್ಯೋ! ನಿಮ್ಮಪ್ಪನ ನೀರನ್ನ ಬೀದಿಗೆ ಚೆಲ್ತೀಯಲ್ಲೇ! ಕೈ ಹೇಗೆ ಬಂತೇ ನಿಂಗೆ?"

"ಮಗುಗೆ ಕೊಡ್ಬೇಡ ಅಮ್ಮಾ! ಅದು ವಿಷ!"

"ನಿಮ್ಮಪ್ಪ ವಿಷ ಇಟ್ನಾ?"

ಅಮ್ಮ ಅತ್ತಳು. ಆರು ತಿಂಗಳಲ್ಲಿ ಮೊದಲ ಸಲ, ಅದೂ ಚೌಕದ ನಡುವೆ. ನಾನೂ ಅತ್ತೆ. ಎಲ್ಲರೂ ನೋಡುತ್ತಿದ್ದರು, ಒಬ್ಬ ಫೋಟೊ ಬೇರೆ ತೆಗೆದ. ಬಿಲ್ಯಾನಾಳ ಮನೆಗೆ ನಾನೇ ಹೋಗಿ ಹೇಳಿ ಬಂದೆ. ಮಗು ದುಂಡುದುಂಡಾಗಿ ಕೆಂಪಗಿದೆ, ದೇವರು ದೊಡ್ಡವನು. ನನ್ನ ಬೆರಳು ಹಿಡಿದು ಬಿಡಲೇ ಇಲ್ಲ.

ವಾಪಸು ಬಂದು ಕಾಮಾ ಅಳಿಸಿದೆ.

ಮೇ 20, ಮಂಗಳವಾರ

ಅಮ್ಮ ಮಾತಾಡುತ್ತಿಲ್ಲ. ಬೆಳಗ್ಗೆ ಬಸ್ಸು ಹತ್ತಿದವಳು ಸಂಜೆಗೆ ಬಂದಳು. ಕೇಳಿದರೆ ಬೆಕ್ಕಿಗೆ ಉತ್ತರ ಹೇಳುತ್ತಾಳೆ.

ಸೋಫಿಯಾದಿಂದ ಕರೆ ಬಂದಿತ್ತು, ಒಂದು ಕಂಪನಿಯಿಂದ. ಹಬ್ಬ ಮುಗಿಯಲಿ, ಆಮೇಲೆ ಹೇಳುತ್ತೇನೆ ಅಂದೆ. ಕೆಳಕೇರಿಯ ಎರಡು ಚಿಲುಮೆಗಳ ಫೋಟೊ ಇನ್ನೂ ಚೆನ್ನಾಗಿ ಬರಬೇಕು.

ಮೇ 24, ಶನಿವಾರ

ಎಲ್ಲ ಬರೆಯಲೇಬೇಕು, ಮರೆತುಹೋಗುವ ಮುಂಚೆ.

ಸಭಾಂಗಣ ಕಿಕ್ಕಿರಿದಿತ್ತು. ಮಕ್ಕಳು ಪದ್ಯ ಓದಿದರು, ಮೇಳದವರು ಹಾಡಿದರು. ಅಮ್ಮ ಮೊದಲ ಸಾಲಿನಲ್ಲಿ, ಕಸೂತಿಯ ಅಂಗಿ ತೊಟ್ಟು, ನನ್ನ ಕಡೆ ತಿರುಗಿಯೂ ನೋಡದೆ. ವೇದಿಕೆ ಹತ್ತುವಾಗ ಮೇಯರ್ ಕಿವಿಯಲ್ಲಿ, "ಹಾಕಿದ್ಯಲ್ಲ, ಆ ಕಾಮಾ?" ಅಂದರು. ನಾನು ಲ್ಯಾಪ್‌ಟಾಪು ತೆರೆದೆ.

ಪರದೆಯ ಮೇಲೆ ನಕ್ಷೆ ಬಂತು. ಹಸಿರೇ ಹಸಿರು, ಚಪ್ಪಾಳೆ. ಮೇಲ್ಕೇರಿಯವರು ತಮ್ಮ ಗುಂಡು ತಮಗೇ ಇದೆ ಅಂತ ಖಾತ್ರಿ ಮಾಡಿಕೊಂಡರು. ಆಮೇಲೆ ಬೆಟ್ಟದ ಕಡೆಗೆ ಸರಿಸಿದೆ. ಮೂರು ಕೆಂಪು ಚುಕ್ಕೆ. ಚಪ್ಪಾಳೆ ನಿಂತುಹೋಯಿತು.

ಹಿಂದಿನಿಂದ ಯಾರೋ, "ರಾಲೀ, ಅದೂ ಕಾಮಾನೇ ಇರ್ಬೇಕು, ನೋಡೇ!" ಅಂತ ಕೂಗಿದರು. ಇನ್ನೊಬ್ಬರು, "ಹೌದು, ಹಾಕು ಹಾಕು, ನಮ್ಮ ಮಿಂಚೊ ಅಲ್ವಾ!" ನೋಡನೋಡುತ್ತಲೇ ಸಭೆಗೆ ಸಭೆಯೇ, "ಕಾಮಾ! ಕಾಮಾ!" ಫುಟ್‌ಬಾಲ್ ಮೈದಾನದ ಹಾಗೆ. ಮೇಯರ್ ಅದರ ತಾಳಕ್ಕೆ ಕೈ ತಟ್ಟುತ್ತಿದ್ದರು.

ಅಮ್ಮ ಎದ್ದಳು.

"ಬಾಯಿ ಮುಚ್ಚಿ ಎಲ್ರೂ!"

ಆ ದಪ್ಪ ದನಿಗೆ ಯಾರು ಎದುರಾಡುತ್ತಾರೆ? ಗಪ್‌ಚಿಪ್.

"ನನ್ನ ಮಗಳ ಮೇಲೆ ನಂಗೂ ನಂಬಿಕೆ ಇರ್ಲಿಲ್ಲ. ಅರೇಬಿಯಾಕ್ಕೆ ಚಿಲುಮೆ ಕಳಿಸಿದೋಳು ಇವಳು. ಅದಕ್ಕೇ ನಾನೇ ಬಾಟ್ಲಿ ತುಂಬ್ಕೊಂಡು ಜಿಲ್ಲೆಗೆ ಹೋಗಿ ಕೊಟ್ಟು ಬಂದೆ. ನಿನ್ನೆ ಫೋನ್ ಬಂತು." ಒಂದು ಉಸಿರು ತೆಗೆದುಕೊಂಡಳು. "ಎಪ್ಪತ್ಮೂರು. ಇವಳು ಎರಡು ಕಡಿಮೆನೇ ಹೇಳಿದಾಳೆ, ಅಪ್ಪ ಅಂತ."

ಯಾರೂ ನಗಲಿಲ್ಲ. ನಾನು ಆ ಮೂರು ಚುಕ್ಕೆಗಳನ್ನು ದೊಡ್ಡದು ಮಾಡಿದೆ.

ಅಮ್ಮ ಪರದೆಯ ಹತ್ತಿರ ಹೋಗಿ ನಿಂತಳು. "ಈ ಮೂರೂ ಒಂದೇ ಇಳಿಜಾರಲ್ಲಿ ಇವೆ. ಅಕ್ಕಪಕ್ಕ ಎಲ್ಲ ಹಸಿರು. ನಮ್ಮ ಮಿಂಚೊ ಕಟ್ಟಿದಾಗ ಆ ನೀರು ಸಕ್ಕರೆ ಇದ್ದ ಹಾಗಿತ್ತು, ನಾನೇ ಕುಡಿದೋಳು. ಹಾಗಾದ್ರೆ ಈಚೆಗೆ ಮೇಲೆ ಏನು ಬಂದಿದೆ?"

ಸಭೆ ಯೋಚಿಸಿತು. ತ್ಸೋನಾ ಅಜ್ಜಿ ಊರುಗೋಲು ಎತ್ತಿ ವೇದಿಕೆಯ ಕಡೆ ತೋರಿಸಿದರು.

"ಇವನ ಹಂದಿಗಳು!"

ಮೇಯರ್ ಬೊಗೊಮಿಲ್ ಎರಡು ವರ್ಷದ ಹಿಂದೆ ಬೆಟ್ಟದ ಮೇಲೆ ಹಂದಿ ಸಾಕಣೆ ಶುರು ಮಾಡಿದ್ದು ಸೋಫಿಯಾದಲ್ಲಿದ್ದ ನನಗೆ ಗೊತ್ತೇ ಇರಲಿಲ್ಲ. ಗೊಬ್ಬರವನ್ನೆಲ್ಲ ಇಳಿಜಾರಿಗೆ ತಳ್ಳುತ್ತಾರಂತೆ. ನೀರಿಗೆ ನೈಟ್ರೇಟು ಇಳಿಯುವುದೇ ಅದರಿಂದ. ಅಣ್ಣನ ಸಮಾನವಂತೆ, ಅಣ್ಣನ ಸಮಾನ! ಅವತ್ತು ನನ್ನ ಕಣ್ಣು ತುಂಬಿದ್ದಕ್ಕೆ ಈಗ ಮೈಯೆಲ್ಲ ಉರಿಯುತ್ತದೆ.

"ಸುಳ್ಳು! ಎಲ್ಲಿವೆ ಹಂದಿ? ನಕ್ಷೆಯಲ್ಲಿ ಹಂದಿ ಇಲ್ವಲ್ಲ!" ಅಂದರು ಮೇಯರ್, ಬೆವರು ಒರೆಸಿಕೊಳ್ಳುತ್ತಾ.

"ರಾಲೀ," ಅಂದಳು ಅಮ್ಮ. ಹದಿನೈದು ದಿನದ ಮೇಲೆ ನನ್ನ ಹೆಸರು ಅವಳ ಬಾಯಲ್ಲಿ. "ಹಂದಿ ಹಾಕು."

ಅಲ್ಲೇ, ಎಲ್ಲರ ಮುಂದೆ, ಉಪಗ್ರಹದ ಚಿತ್ರದಲ್ಲಿ ಹಂದಿಗೂಡಿನ ಚಾವಣಿ ಹುಡುಕಿ, ಕೋಡು ತೆರೆದು ಬರೆದೆ. ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಬಣ್ಣ ಕಂದು. ಸರಿಯಾಗಿ ಮೂರು ಕೆಂಪಿನ ತಲೆಯ ಮೇಲೆ ಒಂದು ಕಂದು ಗುಂಡು ಬಂದು ಕೂತಿತು. ಸಭಾಂಗಣದ ಹೆಂಚು ಹಾರಿಹೋಗುವಂಥ ಗದ್ದಲ. ಮೇಳದವರು ಕಾಲು ತಟ್ಟಿದರು. ಮೇಯರ್ ಹಿಂದಿನ ಬಾಗಿಲಿಂದ ಹೊರಟರು, ಆದರೆ ಅಲ್ಲಿ ಬಿಲ್ಯಾನಾ ಮಗುವನ್ನು ಎತ್ತಿಕೊಂಡು ನಿಂತಿದ್ದಳು.

ಜೂನ್ 3, ಮಂಗಳವಾರ

ಗೊಬ್ಬರದ ರಾಶಿಯನ್ನು ಟ್ರ್ಯಾಕ್ಟರಿನಲ್ಲಿ ಆಚೆ ಸಾಗಿಸುತ್ತಿದ್ದಾರೆ. ಮೇಯರ್ ಖುದ್ದು ನಿಂತು ನೋಡಿಕೊಳ್ಳಬೇಕಾಗಿದೆ, ಯಾಕೆಂದರೆ ಮೇಳದ ಹೆಂಗಸರು ಸರದಿಯ ಮೇಲೆ ಹೋಗಿ ಅವರನ್ನು ನೋಡಿಕೊಳ್ಳುತ್ತಿದ್ದಾರೆ. ನೀರು ತಿಳಿಯಾಗಲು ವರ್ಷಗಳೇ ಬೇಕು ಅಂದಳು ಪ್ರಯೋಗಾಲಯದ ಆ ಹೆಂಗಸು. ಒಳ್ಳೆಯವಳು, ಸಮಾಧಾನವಾಗಿ ಹೇಳಿದಳು.

ಸೋಫಿಯಾದವರಿಗೆ ಇನ್ನೂ ಉತ್ತರ ಬರೆದಿಲ್ಲ. ಪಕ್ಕದೂರಿನವರು ತಮಗೂ ಒಂದು ನಕ್ಷೆ ಬೇಕು ಅಂತ ಗಂಟುಬಿದ್ದಿದ್ದಾರೆ.

ಭಾನುವಾರ ಅಮ್ಮ ಹಲಗೆ, ಡಬ್ಬಿ ಬಣ್ಣ, ಸುತ್ತಿಗೆ ಎಲ್ಲ ಚೀಲಕ್ಕೆ ತುಂಬಿಕೊಂಡು, "ಬರ್ತೀಯೋ ಇಲ್ವೋ?" ಅಂದಳು. ಹೋದೆ. ಬಸ್ಸು ತಿರುವಿನಲ್ಲಿ ನಿಂತಿತು. ಅಪ್ಪ ಜೋಡಿಸಿದ ಕಲ್ಲುಗಳು ಒಂದೂ ಅಲುಗಿಲ್ಲ. ನೀರು ಮಾತ್ರ ಏನೂ ಆಗದವರ ಹಾಗೆ ಸುರಿಯುತ್ತಿತ್ತು. ಅಮ್ಮ ಮಂಡಿಯೂರಿ ಕೂತು ಹಲಗೆಯ ಮೇಲೆ ಬರೆದಳು. ನಾನು ಡಬ್ಬಿ ಹಿಡಿದುಕೊಂಡೆ.

"ಈ ನೀರು ಕುಡಿಯಬೇಡಿ. ಮುಖ ತೊಳೆಯಿರಿ, ರೇಡಿಯೇಟರಿಗೆ ಹಾಕಿ. ನನ್ನ ಮಗಳು ಅಳೆದಿದ್ದಾಳೆ. ಮಿಂಚೊ ಹೆಂಡತಿ ದೋಂಕಾ."

ಅಮ್ಮನ ಕೆಂಪಿಗೂ ನನ್ನ ನಕ್ಷೆಯ ಕೆಂಪಿಗೂ ಹೊಂದಿಕೆಯಾಗುತ್ತಿರಲಿಲ್ಲ. ಅವಳದು ಗೇಟಿಗೆ ಹೊಡೆದು ಉಳಿದದ್ದು, ಸ್ವಲ್ಪ ಕಡು. ನಿನ್ನೆಯಿಂದ ಕೋಡಿನಲ್ಲಿ ಕೆಂಪನ್ನು ಅವಳ ಹಲಗೆಗೆ ಹೊಂದಿಸುತ್ತಿದ್ದೇನೆ. ಪರದೆಯ ಮೇಲೆ ಸರಿ ಕಂಡದ್ದು ಬಿಸಿಲಲ್ಲಿ ಬೇರೆ ಕಾಣುತ್ತದೆ, ಹಾಗಾಗಿ ನಿನ್ನೆಯೂ ಇವತ್ತೂ ಅಲ್ಲಿಗೆ ಹೋಗಿ ಬಂದೆ. ನಾಳೆ ಇನ್ನೊಮ್ಮೆ ಹೋಗಿ ನೋಡಬೇಕು.